ಕುಕ್ ಕೌಂಟಿಯ ಬಾಲಬಂಧನ ಗೃಹ: ಸುಧಾರಣೆ ನಡೆದದ್ದು ಎಲ್ಲಿ?

ಅಮೆರಿಕದ ಮೊದಲ ಬಾಲನ್ಯಾಯಾಲಯ 1899ರ ಜುಲೈಯಲ್ಲಿ ಕಲಾಪ ಆರಂಭಿಸಿತು. ಅದು ನಡೆದದ್ದು ಇಲಿನಾಯ್ ರಾಜ್ಯದ ಕುಕ್ ಕೌಂಟಿಯಲ್ಲಿ, ಅಂದರೆ ಶಿಕಾಗೊದಲ್ಲಿ. ಅದನ್ನು ಹುಟ್ಟುಹಾಕಿದ ಕಾಯ್ದೆ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಜೈಲಿಗಾಗಲಿ ಪೊಲೀಸ್ ಠಾಣೆಗಾಗಲಿ ಹಾಕಕೂಡದೆಂದು ಕಟ್ಟುನಿಟ್ಟಾಗಿ ಹೇಳಿತು. ಹಾಗಾದರೆ ವಿಚಾರಣೆ ಮುಗಿಯುವ ತನಕ ಅವರನ್ನು ಎಲ್ಲಿಡಬೇಕು? ಅದಕ್ಕೆ ಸರ್ಕಾರ ಹಣ ತೆಗೆದಿಡಲಿಲ್ಲ. ಪರಿವೀಕ್ಷಣಾಧಿಕಾರಿಗಳ ಸಂಬಳಕ್ಕೂ ಕೊಡಲಿಲ್ಲ. ಲೂಸಿ ಫ್ಲವರ್, ಜೂಲಿಯಾ ಲ್ಯಾಥ್ರಾಪ್, ಲೂಯಿಸ್ ಬೋವೆನ್ ಮೊದಲಾದ ಮಹಿಳೆಯರು ಸಮಿತಿ ಕಟ್ಟಿ, ಚಂದಾ ಎತ್ತಿ ಆ ಖರ್ಚಿನ ಬಹುಪಾಲನ್ನು ಹೊತ್ತರು. ಜೇನ್ ಆಡಮ್ಸ್ ಅವರ ಸಮಾಜಸೇವಾ ಕೇಂದ್ರ ಹಲ್ ಹೌಸ್‌ನ ಹತ್ತಿರವೇ ಸಾರ್ವಜನಿಕ ಹಣದಿಂದ ನ್ಯಾಯಾಲಯವನ್ನೂ ಬಂಧನ ಗೃಹವನ್ನೂ ಕಟ್ಟಿದ್ದು 1907ರಲ್ಲಿ. ಮಕ್ಕಳನ್ನು ಜೈಲಿನಿಂದ ಬಿಡಿಸಲೆಂದೇ ಎದ್ದ ಈ ಮನೆ ಒಂದು ಶತಮಾನ ಕಳೆಯುವಷ್ಟರಲ್ಲಿ ತಾನೇ ಜೈಲಿನಂತಾದದ್ದು ಹೇಗೆ? ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಹಣದ ಕೊರತೆ ಮತ್ತು ಕಾರ್ಯಕ್ರಮಗಳ ಕೊರತೆ. ದಾಖಲೆಗಳು ಬೇರೆಯದನ್ನು ಹೇಳುತ್ತವೆಂಬುದು ಈ ಲೇಖನದ ವಾದ. ಮಕ್ಕಳ ಜತೆ ದಿನವಿಡೀ ಇರುವ ಸಿಬ್ಬಂದಿ ಯಾರು, ಅವರು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆ ಇತ್ಯರ್ಥವಾಗದೆ ಯಾವ ಪುನರ್ವಸತಿ ಕಾರ್ಯಕ್ರಮವೂ ಇಲ್ಲಿ ನೆಲೆಗೊಳ್ಳಲಿಲ್ಲ.

ಕಾರ್ಯಕ್ರಮಗಳಿಗೆ ಇಲ್ಲಿ ಎಂದೂ ಬರವಿರಲಿಲ್ಲ. 1909ರಷ್ಟು ಹಿಂದೆಯೇ ಡಾ. ವಿಲಿಯಂ ಹೀಲಿ ಈ ನ್ಯಾಯಾಲಯದ ಮಕ್ಕಳ ಮನೋವೈಜ್ಞಾನಿಕ ಪರೀಕ್ಷೆಗೆಂದು ಒಂದು ಸಂಸ್ಥೆಯನ್ನು ನಡೆಸತೊಡಗಿದ್ದರು. ಅಂಥದ್ದು ದೇಶದಲ್ಲೇ ಮೊದಲು. ಮುಂದೆ ಗೃಹದ ಒಳಗೇ ಶಾಲೆಯೂ ನಡೆಯಿತು. ಇಲ್ಲದಿದ್ದದ್ದು ಕೇಳುವವರು. ನ್ಯಾಯಾಧೀಶರು ತಂದೆಯಂತೆ, ಹಾಗಾಗಿ ತಂದೆಯ ಎದುರು ಮಗುವಿಗೆ ವಕೀಲರು ಬೇಡ ಎಂಬುದು ಸ್ಥಾಪಕರ ನಂಬಿಕೆ. 1967ರಲ್ಲಿ ಸುಪ್ರೀಂ ಕೋರ್ಟ್ ಗಾಲ್ಟ್ ಪ್ರಕರಣದಲ್ಲಿ ಈ ನಂಬಿಕೆಯನ್ನು ತಳ್ಳಿಹಾಕಿ, ಮಕ್ಕಳಿಗೂ ವಕೀಲರ ನೆರವಿನ ಹಕ್ಕಿದೆಯೆಂದಿತು. ತೀರ್ಪು ನ್ಯಾಯಾಲಯದ ಕಲಾಪವನ್ನು ಬದಲಿಸಿತೇ ಹೊರತು ಬಂಧನ ಗೃಹದ ಒಳಗಿನ ದಿನಚರಿಯನ್ನು ಮುಟ್ಟಲಿಲ್ಲ. 1973ರಲ್ಲಿ ಹೊಸ ಕಟ್ಟಡ ಬಂತು. ಸುಮಾರು 500 ಮಕ್ಕಳಿಗೆಂದು ಕಟ್ಟಿದ್ದ ಅದರಲ್ಲಿ 1990ರ ದಶಕದ ಮಧ್ಯದ ಹೊತ್ತಿಗೆ ಅದಕ್ಕಿಂತ ಬಹಳ ಹೆಚ್ಚು ಮಕ್ಕಳನ್ನು ತುಂಬಲಾಗಿತ್ತು.

ಆಗ ಎರಡು ದಾರಿಗಳಲ್ಲಿ ಪ್ರಯತ್ನ ನಡೆಯಿತು. ಒಂದು, ಬರುವವರ ಸಂಖ್ಯೆಯನ್ನೇ ತಗ್ಗಿಸುವುದು. ಆನಿ ಇ. ಕೇಸಿ ಪ್ರತಿಷ್ಠಾನದ ನೆರವಿನಿಂದ ಕೌಂಟಿಯು ಅಪಾಯದ ಮಟ್ಟ ಅಳೆಯುವ ಅಂಕಪಟ್ಟಿಯನ್ನು ಜಾರಿಗೆ ತಂದಿತು. ಶಾಲೆ ಬಿಟ್ಟ ಮೇಲೆ ರಾತ್ರಿಯವರೆಗೆ ಹುಡುಗರು ತಮ್ಮ ಬಡಾವಣೆಯಲ್ಲೇ ಹಾಜರಿ ಹಾಕಿ, ಓದಿ, ಆಡಿ, ಉಂಡು ಮನೆಗೆ ಹೋಗುವ ಸಂಜೆ ಕೇಂದ್ರಗಳನ್ನು ತೆರೆಯಿತು. ಗೃಹದಲ್ಲಿದ್ದವರ ಸಂಖ್ಯೆ ಇಳಿಯಿತು. ಇನ್ನೊಂದು ದಾರಿ ಕೋರ್ಟು. ನೂಕುನುಗ್ಗಲು, ಕೊಳಕು, ಸಿಬ್ಬಂದಿಯ ದೌರ್ಜನ್ಯ, ವೈದ್ಯಕೀಯ ನಿರ್ಲಕ್ಷ್ಯಗಳನ್ನು ಮುಂದಿಟ್ಟು ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 1999ರಲ್ಲಿ ದಾವೆ ಹೂಡಿತು. 2002ರ ಒಪ್ಪಂದದಲ್ಲಿ ಕೌಂಟಿ ಸುಧಾರಣೆಗೆ ಮಾತು ಕೊಟ್ಟಿತು. ಕೆಲವು ವರ್ಷ ಕಳೆದರೂ ಆ ಮಾತು ಕಾಗದದಲ್ಲೇ ಉಳಿಯಿತು. ಇಲ್ಲಿ ಗಮನಿಸಬೇಕಾದದ್ದು, ಸಂಖ್ಯೆ ಇಳಿದ ಮೇಲೂ ಒಳಗಿನ ಸ್ಥಿತಿ ಸರಿಹೋಗಲಿಲ್ಲ ಎಂಬುದು. ರಾಜಕೀಯ ಶಿಫಾರಸಿನಿಂದ ಕೆಲಸಕ್ಕೆ ಬಂದವರ ಮೇಲೆ ಅಧೀಕ್ಷಕರ ಹಿಡಿತವಾದರೂ ಎಷ್ಟಿದ್ದೀತು! ಕೊನೆಗೆ 2007ರಲ್ಲಿ ಫೆಡರಲ್ ನ್ಯಾಯಾಲಯ ಆಡಳಿತವನ್ನೇ ಕೌಂಟಿಯ ಕೈಯಿಂದ ತೆಗೆದು ಅರ್ಲ್ ಡನ್‌ಲಪ್ ಎಂಬ ಹೊರಗಿನ ಆಡಳಿತಗಾರರಿಗೆ ವಹಿಸಿತು. ಅವರು ಗೃಹವನ್ನು ಸಣ್ಣ ಘಟಕಗಳಾಗಿ ಒಡೆದರು. ಮಕ್ಕಳ ಜತೆ ಕೆಲಸ ಮಾಡುವವರಿಗೆ ಪದವಿ ಬೇಕೆಂದರು. ನೌಕರರ ಸಂಘ ವಿರೋಧಿಸಿ ಕೋರ್ಟಿನ ಮೆಟ್ಟಿಲೇರಿತು.

ಹೊಸ ಪದ್ಧತಿ ಎಲ್ಲ ಘಟಕಗಳಿಗೂ ಒಮ್ಮೆಗೇ ಬಾರದೆ ಇದ್ದದ್ದು ಸಂಶೋಧಕರಿಗೆ ವರವಾಯಿತು. ಯಾವ ಹುಡುಗ ಹೊಸ ಘಟಕಕ್ಕೆ, ಯಾವನು ಹಳೆಯದಕ್ಕೆ ಎಂಬುದನ್ನು ಲಾಟರಿಯಂತೆ ನಿರ್ಧರಿಸಲಾಯಿತು. ಹೊಸ ಘಟಕದಲ್ಲಿ ಹುಡುಗರು ತಮ್ಮ ಯೋಚನೆಯನ್ನು ತಾವೇ ಪರೀಕ್ಷಿಸುವುದನ್ನು ಕಲಿಯುತ್ತಿದ್ದರು. ಜಗಳವಾದರೆ, ಊಹೆಯನ್ನೂ ದೂಷಣೆಯನ್ನೂ ಬದಿಗಿಟ್ಟು, ಒಂದು ಕ್ಯಾಮರಾಕ್ಕೆ ಕಂಡಷ್ಟನ್ನೇ ಹೇಳಬೇಕು. ‘ಅವನು ನನ್ನನ್ನು ಕೆಣಕಿದ’ ಎಂದರೆ ನಡೆಯದು. ‘ಅವನ ಭುಜ ನನಗೆ ತಾಗಿತು’ ಎನ್ನಬೇಕು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೊಸ ಘಟಕಗಳಲ್ಲಿದ್ದವರು ಗೃಹಕ್ಕೆ ಮರಳಿ ಬರುವ ಪ್ರಮಾಣ ಶೇ 21ರಷ್ಟು ಕಡಿಮೆಯಾಗಿತ್ತು.

ಹಾಗಾದರೆ ಗೆದ್ದದ್ದು ಕಾರ್ಯಕ್ರಮವೇ ಅಲ್ಲವೇ ಎಂದು ಕೇಳಬಹುದು. ಈ ಆಕ್ಷೇಪ ಹಗುರವಾದದ್ದಲ್ಲ. ಆದರೆ ಹೊಸ ಘಟಕದಲ್ಲಿ ಬದಲಾದದ್ದು ಪಾಠವೊಂದೇ ಅಲ್ಲ. ಸಿಬ್ಬಂದಿಯ ಅರ್ಹತೆ, ತರಬೇತಿ, ಬಹುಮಾನದ ಅಂಕಗಳು, ಟಿವಿ ಮುಂದೆ ಕಳೆಯುವ ಹೊತ್ತು ಎಲ್ಲವೂ ಒಟ್ಟಿಗೇ ಬದಲಾಗಿದ್ದವು. ಅದೇ ಪಾಠವನ್ನು ಹಳೆಯ ಸಿಬ್ಬಂದಿಯ ಕೈಗೆ ಕೊಟ್ಟಿದ್ದರೆ ಇದೇ ಫಲ ಸಿಗುತ್ತಿತ್ತೆಂದು ಈ ಪ್ರಯೋಗದಿಂದ ಹೇಳಲಾಗದು. ಕಾರ್ಯಕ್ರಮಗಳಿದ್ದೂ ಹಾಳಾದ ಹಿಂದಿನ ದಶಕಗಳ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದೆ. ಇನ್ನು, ಚೆನ್ನಾಗಿ ನಡೆಯುವ ಗೃಹವಿದ್ದರೆ ಹೆಚ್ಚು ಮಕ್ಕಳನ್ನು ಅಲ್ಲಿಗೇ ಕಳಿಸಬಹುದಲ್ಲ ಎಂಬ ವಾದವೂ ಇದೆ. ಅದನ್ನು ಒಪ್ಪುವುದು ಕಷ್ಟ. ಇದೇ ಮಹಾನಗರದ 35,000ಕ್ಕೂ ಹೆಚ್ಚು ಬಾಲಾರೋಪಿಗಳ ದಾಖಲೆಗಳನ್ನು ಅನ್ನಾ ಐಜರ್ ಮತ್ತು ಜೋಸೆಫ್ ಡಾಯ್ಲ್ ಪರಿಶೀಲಿಸಿದ್ದಾರೆ. ಪ್ರಕರಣ ಮೃದು ನ್ಯಾಯಾಧೀಶರ ಎದುರು ಬಂತೋ ಕಠಿಣರ ಎದುರು ಬಂತೋ ಎಂಬ ಆಕಸ್ಮಿಕವನ್ನೇ ಅಳತೆಗೋಲಾಗಿ ಬಳಸಿದ ಅವರಿಗೆ ಕಂಡದ್ದಿದು: ಬಂಧನ ಅನುಭವಿಸಿದವರು ಪ್ರೌಢಶಿಕ್ಷಣ ಮುಗಿಸುವ ಸಾಧ್ಯತೆ ಗಣನೀಯವಾಗಿ ಕಡಿಮೆ, ವಯಸ್ಕರಾದ ಮೇಲೆ ಜೈಲು ಸೇರುವ ಸಾಧ್ಯತೆ ಹೆಚ್ಚು. ಒಳಗಿನ ಸುಧಾರಣೆ ಹಾನಿಯನ್ನು ತಗ್ಗಿಸಬಹುದು; ಒಳಗೆ ಕಳಿಸಲು ಅದು ನೆಪವಾಗಬಾರದು.

ಫೆಡರಲ್ ನ್ಯಾಯಾಲಯದ ಉಸ್ತುವಾರಿ 2015ರಲ್ಲಿ ಮುಗಿದು, ಗೃಹ ಕೌಂಟಿಯ ಮುಖ್ಯ ನ್ಯಾಯಾಧೀಶರ ಸುಪರ್ದಿಗೆ ಬಂತು. ಮಕ್ಕಳನ್ನು ಶಿಕ್ಷೆಯಾಗಿ ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸುವ ರಾಜ್ಯದ ಕಾನೂನು ಜಾರಿಯಾದದ್ದು 2024ರ ಜನವರಿ 1ರಿಂದ, ಮೊದಲ ಬಾಲನ್ಯಾಯಾಲಯ ತೆರೆದು 125ನೆಯ ವರ್ಷ ನಡೆಯುತ್ತಿದ್ದಾಗ.