ಬಾಲ ಕಳೆದುಕೊಂಡ ಇಲಿ

ಮೊನ್ನೆ ಲ್ಯಾಪ್‌ಟಾಪಿಗೊಂದು ವೈರ್‌ಲೆಸ್ ಮೌಸ್ ಆರಿಸಲು ಕೂತವನು ಅದರ ಇತಿಹಾಸ ಓದುತ್ತಾ ರಾತ್ರಿ ಒಂದು ಗಂಟೆ ಮಾಡಿಕೊಂಡೆ!

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಂಡ ಕಲ್ಪನೆಗೆ 1964ರಲ್ಲಿ ಬಿಲ್ ಇಂಗ್ಲಿಷ್ ರೂಪ ಕೊಟ್ಟ. ಮರದ ಡಬ್ಬಿ, ಒಂದೇ ಬಟನ್, ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಚಕ್ರ. ಒಂದು ಎಡ-ಬಲದ ಲೆಕ್ಕಕ್ಕೆ, ಇನ್ನೊಂದು ಹಿಂದೆ-ಮುಂದಿನದಕ್ಕೆ. ವೈರು ಮೊದಲು ಮಣಿಕಟ್ಟಿನ ಕಡೆಯಿಂದ ಹೊರಡುತ್ತಿತ್ತಂತೆ, ಥೇಟ್ ಬಾಲ! ಇಲಿ ಅಂತ ಹೆಸರಿಟ್ಟಿದ್ದು ಯಾರೆಂದು ಅವರಲ್ಲೇ ಯಾರಿಗೂ ನೆನಪಿರಲಿಲ್ಲ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಪ್ರದರ್ಶನ ಆಯಿತು. ಪೇಟೆಂಟ್ ಸಿಕ್ಕಿದ್ದು 1970ರಲ್ಲಿ, ಮುಗಿದದ್ದು 1987ರಲ್ಲಿ. ಅಂದರೆ ಮೌಸ್ ಮನೆಮನೆಗೆ ಬರುವ ಮೊದಲೇ. ಅದೂ ಇದ್ದದ್ದು ಸಂಸ್ಥೆಯ ಕೈಯಲ್ಲಿ; ಎಂಗೆಲ್‌ಬಾರ್ಟ್‌ಗೆ ರಾಯಲ್ಟಿ ಬರಲೇ ಇಲ್ಲ. ಸಂಬಳಕ್ಕೆ ಕೋಡ್ ಬರೆಯುವ ನನಗೆ ಇಲ್ಲಿ ಸ್ವಲ್ಪ ಕರುಳು ಚುರುಕ್ ಅಂತು...

ಬಾಲ ಕತ್ತರಿಸಿದ್ದು ಲಾಜಿಟೆಕ್, 1984ರಲ್ಲಿ. ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನಿಂದ. ನಡುವೆ ಕಾಫಿ ಲೋಟ ಅಡ್ಡ ಬಂದರೆ ಕಥೆ ಮುಗೀತು. 1991ರಲ್ಲಿ ಅವರೇ ರೇಡಿಯೋ ಅಲೆಯ ಮೌಸ್ ತಂದ ಮೇಲೆ ಆ ಕಾಟ ತಪ್ಪಿತು.

ನಾನು ಕೊನೆಗೆ ಬ್ಲೂಟೂತಿನದನ್ನೇ ಆರಿಸಿದೆ. ಇರುವ ಎರಡು ಯುಎಸ್‌ಬಿ ಕಿಂಡಿಯಲ್ಲಿ ಒಂದನ್ನು ಡಾಂಗಲ್‌ಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.