ಜಾನ್ ಸೆಲ್ಡನ್: ಸೆರೆಮನೆಗೂ ಗ್ರಂಥ ತರಿಸಬಯಸಿದ ನ್ಯಾಯವಾದಿ

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ನ್ಯಾಯವಾದಿ, ಸಂಸತ್ ಸದಸ್ಯ ಹಾಗೂ ಬಹುಭಾಷಾ ವಿದ್ವಾಂಸ ಜಾನ್ ಸೆಲ್ಡನ್ (1584-1654) ಕಲೆಹಾಕಿದ ಗ್ರಂಥಗಳಲ್ಲಿ ಸುಮಾರು 8,000 ಸಂಪುಟಗಳು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯವನ್ನು ಸೇರಿದವು. ಅರಸನ ಹಾಗೂ ಚರ್ಚಿನ ಅಧಿಕಾರವನ್ನು ಹಳೆಯ ದಾಖಲೆಗಳ ಒರೆಗೆ ಹಚ್ಚಿ ನೋಡಿದ ವ್ಯಕ್ತಿಯ ಕೆಲಸದ ಸಾಮಗ್ರಿ ಅದು.

ಸಸೆಕ್ಸ್ ಪ್ರಾಂತ್ಯದ ಸಾಲ್ವಿಂಗ್ಟನ್ ಎಂಬ ಹಳ್ಳಿಯ ಸಾಧಾರಣ ಕುಟುಂಬದಲ್ಲಿ ಹುಟ್ಟಿದ ಸೆಲ್ಡನ್, ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿ 1604ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಸೇರಿದ. 1612ರಲ್ಲಿ ವಕೀಲಿ ಸನ್ನದು ದೊರೆಯಿತು. ನ್ಯಾಯಾಲಯದ ವಾದಕ್ಕಿಂತ ಹಳೆಯ ಕಡತಗಳ ಶೋಧವೇ ಈತನಿಗೆ ಹೆಚ್ಚು ಪ್ರಿಯವಾಗಿತ್ತು. ರೈತನ ಉತ್ಪನ್ನದ ಹತ್ತನೆಯ ಒಂದು ಪಾಲನ್ನು ಪಡೆಯುವುದು ತಮ್ಮ ದೈವದತ್ತ ಹಕ್ಕೆಂದು ಪಾದ್ರಿಗಳು ಸಾಧಿಸುತ್ತಿದ್ದ ಕಾಲದಲ್ಲಿ, 1618ರಲ್ಲಿ ಈತ ಆ ದಶಮಾಂಶದ ಇತಿಹಾಸವನ್ನೇ ಬರೆದು ಪ್ರಕಟಿಸಿದ. ಅದರ ಬೇರು ದೇಶದ ಕಾನೂನು ಮತ್ತು ರೂಢಿಯಲ್ಲಿದೆ ಎಂಬ ಅರ್ಥ ಪುಸ್ತಕದಿಂದ ಹೊರಡುತ್ತಿತ್ತು. ಪುಸ್ತಕ ನಿಷೇಧಕ್ಕೊಳಗಾಯಿತು, ಲೇಖಕ ವಿಷಾದ ಸೂಚಿಸಬೇಕಾಯಿತು. ಆದರೆ ತಾನು ಬರೆದದ್ದು ಸುಳ್ಳೆಂದು ಆತ ಹೇಳಲಿಲ್ಲವೆಂಬುದು ಗಮನಾರ್ಹ.

ಪ್ರಜೆಗಳ ಹಕ್ಕುಗಳನ್ನು ಎತ್ತಿಹಿಡಿದ 1628ರ ಹಕ್ಕು ಮನವಿಯ ಹಿಂದೆ ಸೆಲ್ಡನ್ನನ ಶ್ರಮವೂ ಇತ್ತು. ಮರುವರ್ಷ ದೊರೆ ಒಂದನೆಯ ಚಾರ್ಲ್ಸ್ ಈತನನ್ನು ಬಂಧಿಸಿದ. ಆಗ ಸೆರೆಮನೆಯಿಂದಲೇ ಮಿತ್ರ ರಾಬರ್ಟ್ ಕಾಟನ್‌ಗೆ ಪತ್ರ ಬರೆದು, ವೆಸ್ಟ್‌ಮಿನ್‌ಸ್ಟರ್ ಅಬೆಯ ಗ್ರಂಥಭಂಡಾರದಲ್ಲಿದ್ದ ಯಹೂದ್ಯರ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್ ಅನ್ನು ತರಿಸಿಕೊಡುವಂತೆ ಕೋರಿದ. 1290ರಲ್ಲೇ ಯಹೂದ್ಯರನ್ನು ಹೊರಗಟ್ಟಿದ್ದ ನಾಡಿನಲ್ಲಿ ಕುಳಿತು ಈತ ಮುಂದೆ ಅವರ ವಿವಾಹ, ದಾಯಭಾಗ, ನ್ಯಾಯಪದ್ಧತಿಗಳ ಕುರಿತು ಬೃಹತ್ ಗ್ರಂಥಗಳನ್ನು ರಚಿಸಿದ. 1631ರಲ್ಲಿ ಜಾಮೀನಿನ ಮೇಲೆ ಬಿಡುಗಡೆಯಾಯಿತು. ನಾಲ್ಕೇ ವರ್ಷಗಳಲ್ಲಿ, ಸೆರೆಗೆ ತಳ್ಳಿದ ಅದೇ ದೊರೆಯ ಪರವಾಗಿ, ಸಮುದ್ರದ ಮೇಲೂ ಒಡೆತನ ಸಾಧ್ಯವೆಂದು ವಾದಿಸುವ 'ಮಾರೆ ಕ್ಲಾಸಮ್' ಪ್ರಕಟಿಸಿದ್ದು ವಿಚಿತ್ರವೇ ಸರಿ. ಸಮುದ್ರ ಎಲ್ಲರಿಗೂ ಮುಕ್ತವೆಂದ ಡಚ್ ಪಂಡಿತ ಗ್ರೋಷಿಯಸ್‌ಗೆ ಅದು ಉತ್ತರವಾಗಿತ್ತು.

ಹೀಬ್ರೂ, ಅರಬ್ಬಿ, ಗ್ರೀಕ್, ಲ್ಯಾಟಿನ್ ಗ್ರಂಥಗಳ ಜೊತೆಗೆ, ಈತನಿಗೆ ಓದಲು ಬಾರದ ಲಿಪಿಗಳ ವಸ್ತುಗಳೂ ಸಂಗ್ರಹದಲ್ಲಿದ್ದವು. ಎಲ್ಲಕ್ಕಿಂತ ಮಿಗಿಲು ಸ್ವಾತಂತ್ರ್ಯ ಎಂಬರ್ಥದ ಗ್ರೀಕ್ ಧ್ಯೇಯವಾಕ್ಯವನ್ನು ಪುಸ್ತಕಗಳ ಮೇಲೆ ಬರೆದಿಡುವುದು ಈತನ ರೂಢಿ. ಆಜ್ಟೆಕ್ ಜನರ ಇತಿಹಾಸ ಹಾಗೂ ಕಪ್ಪಕಾಣಿಕೆಗಳನ್ನು ಚಿತ್ರಗಳಲ್ಲಿ ದಾಖಲಿಸಿದ, ಮೆಕ್ಸಿಕೊದ ಪ್ರಸಿದ್ಧ 'ಕೋಡೆಕ್ಸ್ ಮೆಂಡೋಜ' ಉಳಿದುಬಂದದ್ದು ಇದೇ ಸಂಗ್ರಹದಲ್ಲಿ.

1654ರ ನವೆಂಬರ್ 30ರಂದು ಸೆಲ್ಡನ್ ನಿಧನನಾದ. ಪೌರ್ವಾತ್ಯ ಹಸ್ತಪ್ರತಿಗಳು ಬೋಡ್ಲಿಯನ್‌ಗೆ ಸಲ್ಲಬೇಕೆಂದು ಉಯಿಲು ಹೇಳಿತ್ತು. ಉಳಿದವುಗಳ ವಿಲೇವಾರಿ ಉಯಿಲಿನ ನಿರ್ವಾಹಕರ ಪಾಲಿಗೆ ಬಂತು. 1659ರಲ್ಲಿ ಅವರು ಸಿಂಹಪಾಲನ್ನು ಆಕ್ಸ್‌ಫರ್ಡ್‌ಗೆ ಒಪ್ಪಿಸಿದರು. ಅವು ಸೇರಿದ ಭಾಗಕ್ಕೆ 'ಸೆಲ್ಡನ್ ಎಂಡ್' ಎಂದೇ ಹೆಸರು. ಪುಸ್ತಕಗಳನ್ನು ವಿಂಗಡಿಸಲು ನೆರವಾದ ಇತಿಹಾಸಕಾರ ಆಂಟನಿ ವುಡ್, ಅವುಗಳ ಹಾಳೆಗಳ ನಡುವೆ ಸೆಲ್ಡನ್ ಮರೆತುಬಿಟ್ಟಿದ್ದ ಹಲವು ಕನ್ನಡಕಗಳು ಸಿಕ್ಕವೆಂದು ದಾಖಲಿಸಿದ್ದಾನೆ. ಲಂಡನ್ನಿನಲ್ಲೇ ಉಳಿದ ಕೆಲವು ಹಸ್ತಪ್ರತಿಗಳಿಗೆ ಆ ಭಾಗ್ಯವಿರಲಿಲ್ಲ; ಅವು ಟೆಂಪಲ್‌ನ ಬೆಂಕಿಗೆ ಆಹುತಿಯಾದವು.

ಉಯಿಲಿನ ಅನುಬಂಧದಲ್ಲಿ ಉಲ್ಲೇಖಗೊಂಡಿದ್ದ ಬಣ್ಣದ ಚೀನೀ ನಕ್ಷೆಯೊಂದು ಬಹುಕಾಲ ವಿದ್ವಾಂಸರ ಗಮನಕ್ಕೆ ಬಾರದೆ ಬಿದ್ದಿತ್ತು. 2008ರಲ್ಲಿ ಅಮೆರಿಕದ ಇತಿಹಾಸಕಾರ ರಾಬರ್ಟ್ ಬ್ಯಾಚೆಲರ್ ಅದರ ಮಹತ್ವವನ್ನು ಗುರುತಿಸಿದರು. ಒಂದೂವರೆ ಮೀಟರಿಗೂ ಮಿಕ್ಕಿ ಉದ್ದದ ಆ ನಕ್ಷೆಯಲ್ಲಿ ಪೂರ್ವ ಏಷ್ಯಾದ ಹಡಗು ಮಾರ್ಗಗಳನ್ನು ಗೆರೆಗಳಲ್ಲಿ ಗುರುತಿಸಲಾಗಿದೆ. ಪಶ್ಚಿಮದ ಅಂಚಿನಲ್ಲಿ ಕಲ್ಲಿಕೋಟೆಯ ಹೆಸರಿದ್ದು, ಅಲ್ಲಿಂದ ಏಡನ್, ಹೊರ್ಮುಜ್‌ಗಳಿಗೆ ಸಾಗುವ ದಿಕ್ಕುಗಳನ್ನು ಚೀನೀ ಲಿಪಿಯಲ್ಲಿ ಬರೆದಿಡಲಾಗಿದೆ.