ತೂಬಿನ ನೀರು, ಕೋಡಿಯ ನೀರು

ರಾಜರಾಜೇಶ್ವರಿನಗರದ ನಮ್ಮ ಮನೆಯಲ್ಲಿ ಕೂತು ಸಿ ಪ್ರೋಗ್ರಾಂ ಬರೆಯುತ್ತಿದ್ದ ಅಕ್ಕನ ಮಗ ಗೊಣಗಿದ: "ಔಟ್‌ಪುಟ್ ಪೂರಾ ಫೈಲಿಗೆ ತಿರುಗ್ಸಿದೀನಿ ಮಾಮ. ಆದ್ರೂ ಎರರ್ ಮಾತ್ರ ಸ್ಕ್ರೀನ್ ಮೇಲೇ ಬಂದು ಬೀಳುತ್ತೆ."

"ನೀನು ತಿರುಗಿಸಿದ್ದು ತೂಬಿನ ನೀರು. ಇದು ಕೋಡಿ" ಎಂದೆ.

ಅವನಿಗೆ ಎರಡೂ ಪದ ಗೊತ್ತಿರಲಿಲ್ಲ. ದಿನಾ ಹಲಗೆವಡೇರಹಳ್ಳಿ ಕೆರೆಯ ಪಕ್ಕದಲ್ಲೇ ಓಡಾಡುವ ಹುಡುಗ! ತಪ್ಪು ಅವನದಲ್ಲ, ಕೆರೆಯ ಕೆಳಗೆ ಗದ್ದೆ ಇದ್ದರಲ್ಲವೇ ತೂಬಿಗೆ ಕೆಲಸ?

ತೂಬು ಹಳೆಯ ದ್ರಾವಿಡ ಪದ. ಹಳಗನ್ನಡದಲ್ಲಿ ತೂಂಬು, ತಮಿಳಿನಲ್ಲೂ ತೂಂಬು, ತೆಲುಗಿನಲ್ಲಿ ತೂಮು. ತಮಿಳಿನಲ್ಲಿ ಕೊಳವೆ, ಬಿದಿರಿನ ನಳಿಗೆ ಎಂಬ ಅರ್ಥಗಳೂ ಉಳಿದಿವೆ. ಒಳಗೆ ಪೊಳ್ಳಾದ ಆ ಕೊಳವೆಯನ್ನು ನಮ್ಮವರು ಕೆರೆ ಏರಿಯ ಬುಡದಲ್ಲಿ ಹುದುಗಿಸಿದರು. ನೀರಗಂಟಿ ತೂಬು ಎತ್ತಿದರೆ ನೀರು ಏರಿಯಡಿಯಿಂದ ಹೊರಟು ಕಾಲುವೆ ಸೇರುತ್ತದೆ. ಯಾವ ಗದ್ದೆಗೆ ಎಂಬುದು ಕಾಲುವೆಗೆ ಅಡ್ಡ ಮಣ್ಣು ಹಾಕಿ ತಿರುಗಿಸುವವರ ಮಾತು, ಕೆರೆಗೆ ಆ ಗೊಡವೆಯಿಲ್ಲ. ಪ್ರೋಗ್ರಾಮೂ ಹಾಗೇ. 0 ಎಂಬ ಒಳದಾರಿಯಿಂದ ಎಳೆದುಕೊಂಡು 1 ಎಂಬ ಹೊರದಾರಿಗೆ ಸುರಿಯುತ್ತದೆ. ಆ 1 ಪರದೆಗೆ ಹೋಗುತ್ತದೋ, ಸಿ ಭಾಷೆಯ ಎಫ್‌ರೀಓಪನ್ ಎಂಬ ಫಂಕ್ಷನ್ ಅದನ್ನು ಫೈಲಿಗೆ ತಿರುಗಿಸಿದೆಯೋ, ವಿಚಾರಿಸುವುದಿಲ್ಲ. ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಪ್ರೋಗ್ರಾಮುಗಳನ್ನು ತೋಟಕ್ಕೆ ನೀರು ಬಿಡುವ ಪೈಪುಗಳಂತೆ ಜೋಡಿಸಬೇಕೆಂದು ಬರೆದರು. 1973ರಲ್ಲಿ ಅಲ್ಲಿನದೇ ಕಾರ್ಯಾಚರಣ ವ್ಯವಸ್ಥೆ ಯುನಿಕ್ಸ್‌ಗೆ ಹಾಗೆ ಜೋಡಿಸುವ 'ಪೈಪ್' ಬಂತು. ತೂಂಬಿನ ಮೊದಲ ಅರ್ಥವೂ ಅದೇ ತಾನೆ?

ಕೋಡಿಯ ಜಾಯಮಾನ ಬೇರೆ. ತುಂಬಿದ ಕೆರೆ ತಾನಾಗಿ ಉಕ್ಕಿ ಹೋಗುವ ದಾರಿ ಅದು. ಎತ್ತುವುದೂ ಇಲ್ಲ, ಮುಚ್ಚುವುದೂ ಇಲ್ಲ. ಅದಕ್ಕೇ ನಾವು ಕಣ್ಣೀರ ಕೋಡಿ ಎನ್ನುತ್ತೇವೆ, ಕಣ್ಣೀರ ತೂಬು ಎನ್ನುವುದಿಲ್ಲ.

ಯುನಿಕ್ಸಿನಲ್ಲಿ ಮೊದಲು ಕೋಡಿಯಿರಲಿಲ್ಲ, ಎರರ್ ಕೂಡ 1ರಲ್ಲೇ ಹರಿಯುತ್ತಿತ್ತು. ಅಕ್ಷರ ಜೋಡಿಸುವ ಫೋಟೊ ಯಂತ್ರಕ್ಕೆ ಪುಟ ಕಳಿಸಿ, ಕಾಗದವನ್ನು ಇನ್ನೊಂದು ನಾರುವ ಯಂತ್ರದಲ್ಲಿ ತೊಳೆದು ತೆಗೆದರೆ, ಮುದ್ದಾದ ಅಚ್ಚಿನಲ್ಲಿ ಒಂದೇ ಸಾಲು: ಫೈಲ್ ತೆರೆಯಲಾಗಲಿಲ್ಲ! ಒಂದು ಮಧ್ಯಾಹ್ನ ಹಲವರಿಗೆ ಹೀಗಾಯಿತೆಂದು ಬೆಲ್ ಲ್ಯಾಬ್ಸ್‌ನಲ್ಲಿದ್ದ ಸ್ಟೀವ್ ಜಾನ್ಸನ್ ನೆನೆದಿದ್ದಾರೆ. ದೂರಿಗೆಂದೇ 2ನೇ ದಾರಿ ಹುಟ್ಟಿದ್ದು ಆ ರೇಜಿಗೆಯಿಂದ. 1ನ್ನು ಎಲ್ಲಿಗೆ ತಿರುಗಿಸಿದರೂ 2 ತನ್ನ ಪಾಡಿಗೆ ಹರಿಯುತ್ತದೆ. ಅದೂ ಫೈಲಿಗೇ ಬೀಳಬೇಕೆಂದರೆ ಬೇರೆಯಾಗಿ ಹೇಳಬೇಕು. ಅಳಿಯ ಮರೆತದ್ದು ಅದನ್ನೇ.

ಈ 2ನೇ ದಾರಿಯ ಹೆಸರು ಸ್ಟ್ಯಾಂಡರ್ಡ್ ಎರರ್. ಅದನ್ನು 'ಪ್ರಮಾಣಿತ ದೋಷ' ಎಂದು ಕನ್ನಡಿಸಿದರೆ ಸಂಖ್ಯಾಶಾಸ್ತ್ರದ ಮೇಷ್ಟ್ರು ತಮ್ಮದೆಂದು ಎತ್ತಿಕೊಂಡು ಹೋದಾರು. ಕೋಡಿ ಎನ್ನಿ.